ದೇವ್ರಾಣೆ, ಬ್ಯಾಟಿಗೆ ತಾಗಿಲ್ಲ

ನಮ್ಮ ಬೀದಿಯ ಕ್ರಿಕೆಟ್‌ಗೆ ಅಂಪೈರ್ ಇರಲಿಲ್ಲ. ಇದ್ದದ್ದೇ ಎಂಟೊಂಬತ್ತು ಹುಡುಗರು. ಅದರಲ್ಲೊಬ್ಬನನ್ನು ಸುಮ್ನೆ ನಿಲ್ಲಿಸಿದರೆ ಚರಂಡಿಗೆ ಬಿದ್ದ ಬಾಲ್ ತೆಗೆಯೋದು ಯಾರು? ಹಾಗಾಗಿ ಹಿಂದೆ ನಿಂತವನು ಬಾಲ್ ಹಿಡಿದು "ಔಟ್" ಅಂತ ಕೂಗುತ್ತಿದ್ದ. ಬ್ಯಾಟ್ ಹಿಡಿದವನು "ಟಚ್ಚೇ ಆಗಿಲ್ಲ" ಅನ್ನುತ್ತಿದ್ದ. ಆಟ ನಿಲ್ಲುತ್ತಿತ್ತು. ಐದು ನಿಮಿಷ ಗಲಾಟೆ ಆದ ಮೇಲೆ ಯಾರಾದರೊಬ್ಬ ಆ ಮಾತು ತೆಗೆಯುತ್ತಿದ್ದ: "ಹಂಗಾದ್ರೆ ದೇವ್ರಾಣೆ ಹೇಳು."

ಆಣೆಗಳಲ್ಲೂ ದರ್ಜೆ ಇತ್ತು. ಗಾಡ್ ಪ್ರಾಮಿಸ್ ತೀರಾ ಅಗ್ಗ, ದಿನಕ್ಕೆ ಹತ್ತು ಸಲ ಓಡುತ್ತಿತ್ತು. ದೇವ್ರಾಣೆ ಸ್ವಲ್ಪ ಗಟ್ಟಿ. ಅಮ್ಮನಾಣೆ ಅಂದರೆ ಅಲ್ಲಿಗೆ ಮುಗಿಯಿತು, ಮತ್ತೆ ಯಾರೂ ತಕರಾರು ಎತ್ತುವಂತಿಲ್ಲ. ನಾನು ಒಮ್ಮೆ ಬಾಲ್ ಬ್ಯಾಟಿನ ಅಂಚಿಗೆ ತಾಗಿದ್ದು ಗೊತ್ತಿದ್ದೂ "ದೇವ್ರಾಣೆ ತಾಗಿಲ್ಲ" ಅಂದುಬಿಟ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತದೆ. ಆದರೆ ನಿದ್ದೆ ಚೆನ್ನಾಗಿಯೇ ಬಂತು. ಮಾರನೇ ದಿನ ಶಾಲೆಗೆ ಹೋಗುವಾಗ ದಾರಿಯಲ್ಲಿದ್ದ ಗಣಪತಿ ಗುಡಿಯ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಆಟದಲ್ಲಿ ನಂಬಿಕೆ, ನೀತಿ ಅಂದ ಕೂಡಲೇ ದೊಡ್ಡ ದೊಡ್ಡ ಮಾತು ಬರುತ್ತವೆ. ನನಗೆ ಈ ಪುಟ್ಟ ಆಣೆಯಿಂದಲೇ ಶುರು ಮಾಡೋಣ ಅನ್ನಿಸುತ್ತದೆ. ಯಾಕೆಂದರೆ ಅದು ಒಂದು ನಿಜವಾದ ಕಷ್ಟಕ್ಕೆ ಹುಡುಗರು ಹುಡುಕಿಕೊಂಡ ದಾರಿ. ಏನು ನಡೆಯಿತು ಅನ್ನೋದು ಗೊತ್ತಿರುವುದು ಒಬ್ಬನಿಗೆ. ಸುಳ್ಳು ಹೇಳಿದರೆ ಲಾಭ ಆಗುವುದೂ ಅವನಿಗೇ. ಉಳಿದವರು ಅವನನ್ನು ಹೇಗೆ ನಂಬಬೇಕು? ನಮ್ಮ ಬೀದಿಗೆ ಬಂದ ಈ ಕಷ್ಟವೇ ಕೋರ್ಟಿಗೂ ಬರುತ್ತದೆ, ರಾಜಕೀಯಕ್ಕೂ ಬರುತ್ತದೆ, ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನಕ್ಕೂ ಬರುತ್ತದೆ.

ದೇವರನ್ನು ಸಾಕ್ಷಿಗೆ ಕರೆಯಬಹುದು. ಮೂರನೆಯವರೊಬ್ಬರನ್ನು ನಿಲ್ಲಿಸಿ ಅವರು ಹೇಳಿದ್ದೇ ಕೊನೆ ಅನ್ನಬಹುದು. ಕ್ಯಾಮೆರಾ ಇಡಬಹುದು. ಇಲ್ಲವೇ ಆ ಮನುಷ್ಯನ ಮನಸ್ಸಿಗೇ ಬಿಟ್ಟುಬಿಡಬಹುದು. ಟಿವಿಯಲ್ಲಿ 'ಕ್ರೀಡಾಸ್ಫೂರ್ತಿ' ಅಂತ ಜಗಳ ಆದಾಗಲೆಲ್ಲ ಈ ನಾಲ್ಕೂ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಅದಕ್ಕೇ ಆ ಜಗಳ ಮುಗಿಯೋದೇ ಇಲ್ಲ.

ಆಣೆ ಅನ್ನೋ ಪದ 'ಆಜ್ಞೆ'ಯ ತದ್ಭವ. ಹಳಗನ್ನಡದಲ್ಲಿ ಅರಸನ ಆಣೆ ಅಂದರೆ ಅರಸನ ಅಪ್ಪಣೆ. ಆಣೆ ಹಾಕುವವನು ತನ್ನ ಮಾತಿನ ಹಿಂದೆ ತನಗಿಂತ ದೊಡ್ಡವರೊಬ್ಬರನ್ನು ತಂದು ನಿಲ್ಲಿಸುತ್ತಾನೆ. ಅರಸನೋ, ದೇವರೋ, ಅಮ್ಮನೋ.

ಗ್ರೀಸಿನ ಒಲಿಂಪಿಯಾದಲ್ಲಿ, ಅಂದರೆ ಹಳೆಯ ಒಲಿಂಪಿಕ್ಸ್ ನಡೆಯುತ್ತಿದ್ದ ಊರಿನಲ್ಲಿ, ಝ್ಯೂಸ್ ದೇವರ ಒಂದು ವಿಗ್ರಹ ಇತ್ತು. ಎರಡೂ ಕೈಯಲ್ಲಿ ಸಿಡಿಲು. ಹೆಸರು ಝ್ಯೂಸ್ ಹಾರ್ಕಿಯಸ್. ನಮ್ಮ ಮಾತಿನಲ್ಲಿ ಹೇಳಿದರೆ ಆಣೆಯ ಝ್ಯೂಸ್. ಕ್ರಿ.ಶ. 2ನೇ ಶತಮಾನದಲ್ಲಿ ಅಲ್ಲಿಗೆ ಹೋಗಿದ್ದ ಪೌಸೇನಿಯಸ್ ಅನ್ನೋ ಪ್ರವಾಸಿ ಇದನ್ನೆಲ್ಲ ಬರೆದಿಟ್ಟಿದ್ದಾನೆ. ಆಟಗಾರರು, ಅವರ ಅಪ್ಪಂದಿರು, ಅಣ್ಣತಮ್ಮಂದಿರು, ತರಬೇತಿ ಕೊಟ್ಟವರು ಎಲ್ಲರೂ ಕಾಡುಹಂದಿಯ ಮಾಂಸದ ತುಂಡುಗಳ ಮೇಲೆ ಆಣೆ ಮಾಡಬೇಕಿತ್ತು, ಆಟದಲ್ಲಿ ಮೋಸ ಮಾಡಲ್ಲ ಅಂತ. ಹತ್ತು ತಿಂಗಳು ನಿಯಮದಂತೆ ಅಭ್ಯಾಸ ಮಾಡಿದ್ದೇವೆ ಅಂತಲೂ ಆಟಗಾರರು ಹೇಳಬೇಕಿತ್ತು. ಹುಡುಗರನ್ನು ಪರೀಕ್ಷಿಸಿ ಒಳಗೆ ಬಿಡುವವರೂ ಲಂಚ ಮುಟ್ಟಲ್ಲ ಅಂತ ಆಣೆ ಮಾಡುತ್ತಿದ್ದರು.

ಇಷ್ಟೆಲ್ಲ ಆದ ಮೇಲೂ ಮೋಸ ನಿಂತಿತಾ? ಇಲ್ಲ. ಕ್ರಿ.ಪೂ. 388ರಲ್ಲಿ ಯುಪೋಲಸ್ ಅನ್ನೋ ಮುಷ್ಟಿ ಕಾಳಗದವನು ಎದುರಾಳಿಗಳಿಗೆ ದುಡ್ಡು ಕೊಟ್ಟು ಗೆದ್ದ. ಸಿಕ್ಕಿಬಿದ್ದ. ಕೊಟ್ಟವನಿಗೂ ದಂಡ, ತೆಗೆದುಕೊಂಡವರಿಗೂ ದಂಡ. ಆ ದಂಡದ ದುಡ್ಡಿನಲ್ಲಿ ಝ್ಯೂಸ್‌ನ ಆರು ಕಂಚಿನ ವಿಗ್ರಹ ಮಾಡಿಸಿ, ಆಟಗಾರರು ಮೈದಾನಕ್ಕೆ ಹೋಗುವ ದಾರಿಯಲ್ಲೇ ನಿಲ್ಲಿಸಿದರು. ಮುಂದೆ ಸಿಕ್ಕಿಬಿದ್ದವರ ದುಡ್ಡಿನಲ್ಲೂ ಹೀಗೇ ವಿಗ್ರಹಗಳು ಬಂದವು. ಅವುಗಳ ಕಲ್ಲಿನ ಪೀಠಗಳು ಇವತ್ತಿಗೂ ಅಲ್ಲಿವೆ. ನನಗೆ ಈ ಜನರ ಲೆಕ್ಕಾಚಾರ ಬಹಳ ಹಿಡಿಸಿತು. ದೇವರ ಮೇಲೆ ಭಕ್ತಿ ಇತ್ತು, ಭಯವೂ ಇತ್ತು. ಆದರೂ ಪೂರ್ತಿ ದೇವರ ಮೇಲೆ ಹಾಕಿ ಕೈಕಟ್ಟಿ ಕೂರಲಿಲ್ಲ. ಆಣೆ ಒಂದು ಕಡೆ, ದಂಡ ಇನ್ನೊಂದು ಕಡೆ.

ಈಗಿನ ಒಲಿಂಪಿಕ್ಸ್‌ನಲ್ಲಿ ಆಟಗಾರರ ಪ್ರಮಾಣ ಶುರುವಾಗಿದ್ದು 1920ರ ಆಂಟ್‌ವರ್ಪ್ ಕೂಟದಲ್ಲಿ. ಬೆಲ್ಜಿಯಂನ ವಿಕ್ಟರ್ ಬಾಯಿನ್ ಎಲ್ಲರ ಪರವಾಗಿ ಹೇಳಿದರು. ಆಗ ಅದು ಆಣೆ. 1960ರ ದಶಕದಲ್ಲಿ ಆ ಪದ ತೆಗೆದು 'ಮಾತು ಕೊಡುತ್ತೇನೆ' ಅಂತ ಬದಲಿಸಿದರು. 2000ದ ಸಿಡ್ನಿ ಕೂಟದಲ್ಲಿ ಉದ್ದೀಪನ ಮದ್ದು ಮುಟ್ಟಲ್ಲ ಅನ್ನೋ ಸಾಲು ಸೇರಿತು. ದೇವರು ಹೊರಗೆ ಹೋದ, ಮೂತ್ರದ ಬಾಟಲಿ ಒಳಗೆ ಬಂತು ಅಂತ ಬೇಕಾದರೆ ನಗಬಹುದು.

ಈಗ ಕ್ರಿಕೆಟ್‌ಗೆ ಬರೋಣ. ಕ್ರಿಕೆಟ್‌ನ ನಿಯಮಗಳು ಒಟ್ಟು 42. ಅವನ್ನು ಬರೆಯೋದು, ತಿದ್ದೋದು ಲಂಡನ್ನಿನ ಎಂಸಿಸಿ ಕ್ಲಬ್. ಅದರಲ್ಲಿ 31ನೇ ನಿಯಮ ಮನವಿಗೆ ಸಂಬಂಧಿಸಿದ್ದು. ಬ್ಯಾಟರ್ ಔಟಾಗಿದ್ದರೂ, ಅದು ಅಂಪೈರ್ ಕಣ್ಣಿಗೆ ಸ್ಪಷ್ಟವಾಗಿ ಕಂಡಿದ್ದರೂ, ಫೀಲ್ಡರ್‌ಗಳು ಕೇಳದಿದ್ದರೆ ಅಂಪೈರ್ ಔಟ್ ಕೊಡುವಂತಿಲ್ಲ. "ಹೌಝ್ ದಟ್" ಅನ್ನೋದು ಅಬ್ಬರ ಅಲ್ಲ, ಒಂದು ಪ್ರಶ್ನೆ. ಅದು ಯಾರಿಗೆ ಕೇಳಿದ ಪ್ರಶ್ನೆ ಅನ್ನೋದನ್ನು ಸ್ವಲ್ಪ ಗಮನಿಸಿ. ಅಂಪೈರ್‌ಗೆ. ಬ್ಯಾಟರ್‌ಗಲ್ಲ.

ಬೀದಿ ಕ್ರಿಕೆಟ್‌ಗೂ ದೊಡ್ಡ ಕ್ರಿಕೆಟ್‌ಗೂ ಇರುವ ವ್ಯತ್ಯಾಸವೆಲ್ಲ ಇಲ್ಲಿದೆ. ನಮ್ಮಲ್ಲಿ ಪ್ರಶ್ನೆ ನೇರ ಬ್ಯಾಟ್ ಹಿಡಿದವನಿಗೇ ಬರುತ್ತಿತ್ತು, "ತಾಗಿತಾ?" ಅಂತ. ಉತ್ತರ ಕೊಡಲೇಬೇಕು. ನಿಜ ಅಥವಾ ಸುಳ್ಳು, ಎರಡರಲ್ಲಿ ಒಂದು. ದೊಡ್ಡ ಕ್ರಿಕೆಟ್‌ನಲ್ಲಿ ಬ್ಯಾಟರ್‌ನನ್ನು ಯಾರೂ ಏನೂ ಕೇಳಿಲ್ಲ. ಅವನು ಸುಮ್ಮನೆ ನಿಲ್ಲಬಹುದು. ಸುಮ್ಮನಿರುವುದು ಸುಳ್ಳಾ? ಇದಕ್ಕೆ ನೂರು ವರ್ಷದಿಂದ ಎರಡು ಉತ್ತರ ಇವೆ. ಇಂಗ್ಲೆಂಡಿನ ಹಳೆಯ ಕೌಂಟಿ ಆಟಗಾರರಲ್ಲಿ ಬಾಲ್ ಬ್ಯಾಟಿಗೆ ತಾಗಿದ್ದು ಗೊತ್ತಾದರೆ ಅಂಪೈರ್ ಕಡೆ ನೋಡದೆ ನಡೆದುಬಿಡುವ ಪದ್ಧತಿ ಇತ್ತು. ಆಸ್ಟ್ರೇಲಿಯಾದವರಲ್ಲಿ ಹೆಚ್ಚಿನವರದು ಬೇರೆ ವಾದ: ಔಟ್ ಅಲ್ಲದಾಗ ಔಟ್ ಕೊಟ್ಟರೂ ಹೋಗುತ್ತೇವೆ, ಔಟ್ ಆದಾಗ ಕೊಡದಿದ್ದರೆ ನಿಲ್ಲುತ್ತೇವೆ, ಲೆಕ್ಕ ಸರಿಹೋಗುತ್ತದೆ.

ನಿಯಮದ ಪುಸ್ತಕ ಏನು ಹೇಳುತ್ತದೆ? ಅದೇ 31ನೇ ನಿಯಮದಲ್ಲಿ ಒಂದು ಸಾಲಿದೆ. ನಿಜಕ್ಕೂ ಔಟಾಗಿರುವ ಬ್ಯಾಟರ್ ಯಾರೂ ಮನವಿ ಮಾಡದಿದ್ದರೂ ತಾನಾಗಿಯೇ ಹೋಗುವುದಕ್ಕೆ ಅಡ್ಡಿಯಿಲ್ಲ ಅಂತ. ಹೋಗಬೇಕು ಅಂತ ಹೇಳಿಲ್ಲ, ಹೋಗಬಹುದು ಅಂತ ಬಾಗಿಲು ತೆರೆದಿಟ್ಟಿದೆ ಅಷ್ಟೇ. ಮನಸ್ಸಾಕ್ಷಿಗೆ ಇಷ್ಟು ಜಾಗ ಬಿಟ್ಟ ಕಾನೂನು ಜಾಸ್ತಿ ಇರಲಿಕ್ಕಿಲ್ಲ. 2003ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಆಸ್ಟ್ರೇಲಿಯಾದ ಆಡಂ ಗಿಲ್‌ಕ್ರಿಸ್ಟ್ ಆ ಬಾಗಿಲಿನಿಂದಲೇ ಹೊರಗೆ ನಡೆದರು. ಅಂಪೈರ್ ಔಟ್ ಕೊಟ್ಟಿರಲಿಲ್ಲ.

2013ರ ಬೇಸಿಗೆಯಲ್ಲಿ ಇಂಗ್ಲೆಂಡಿನಲ್ಲಿ ನಡೆದ ಎರಡು ಘಟನೆ ಪಕ್ಕಪಕ್ಕ ಇಟ್ಟರೆ ಗೊಂದಲ ಎಷ್ಟಿದೆ ಅಂತ ತಿಳಿಯುತ್ತದೆ. ಜೂನ್‌ನಲ್ಲಿ ವೆಸ್ಟ್ ಇಂಡೀಸ್ ಕೀಪರ್ ದಿನೇಶ್ ರಾಮ್‌ದಿನ್ ಕೈಜಾರಿದ ಕ್ಯಾಚನ್ನು ಹಿಡಿದೆ ಅಂತ ತೋರಿಸಿದರು. ಎರಡು ಏಕದಿನ ಪಂದ್ಯಗಳ ನಿಷೇಧ, ಜೊತೆಗೆ ಪಂದ್ಯದ ಸಂಭಾವನೆ ಪೂರ್ತಿ ದಂಡ. ಕಾರಣ, ಕ್ರೀಡಾಸ್ಫೂರ್ತಿಗೆ ಧಕ್ಕೆ. ಜುಲೈನಲ್ಲಿ ಇಂಗ್ಲೆಂಡ್, ಆಸ್ಟ್ರೇಲಿಯಾ ನಡುವಿನ ಆಶಸ್ ಸರಣಿಯ ಮೊದಲ ಟೆಸ್ಟ್. ಇಂಗ್ಲೆಂಡಿನ ಸ್ಟುವರ್ಟ್ ಬ್ರಾಡ್ ಬ್ಯಾಟಿಗೆ ತಾಗಿದ ಬಾಲ್ ಕೀಪರ್ ಪಕ್ಕದ ಸ್ಲಿಪ್‌ನಲ್ಲಿದ್ದವರ ಕೈ ಸೇರಿತು. ಇಡೀ ಮೈದಾನ ನೋಡಿತು. ಅಂಪೈರ್ ಮಾತ್ರ ನೋಡಲಿಲ್ಲ. ಆಸ್ಟ್ರೇಲಿಯಾದ ಬಳಿ ರಿವ್ಯೂ, ಅಂದರೆ ಟಿವಿಯಲ್ಲಿ ಮತ್ತೆ ನೋಡಿ ಅಂತ ಕೇಳುವ ಅವಕಾಶ, ಉಳಿದಿರಲಿಲ್ಲ. ಬ್ರಾಡ್ ಅಲ್ಲಾಡದೆ ನಿಂತರು, 65 ರನ್ ಮಾಡಿದರು, ಇಂಗ್ಲೆಂಡ್ 14 ರನ್‌ಗಳಿಂದ ಗೆದ್ದಿತು. ಅವರಿಗೆ ಯಾವ ಶಿಕ್ಷೆಯೂ ಇಲ್ಲ. ಅಂದಹಾಗೆ, ರಾಮ್‌ದಿನ್‌ಗೆ ಶಿಕ್ಷೆ ಕೊಟ್ಟ ಮ್ಯಾಚ್ ರೆಫರಿ ಕ್ರಿಸ್ ಬ್ರಾಡ್. ಸ್ಟುವರ್ಟ್‌ರ ಅಪ್ಪ.

ಒಬ್ಬರು ಸುಳ್ಳು ಹೇಳಿದರು, ಇನ್ನೊಬ್ಬರು ನಿಜವನ್ನು ಹೇಳಲಿಲ್ಲ. ನಿಯಮ ಇವೆರಡರ ನಡುವೆ ಗೆರೆ ಎಳೆಯುತ್ತದೆ. ಕೋರ್ಟೂ ಎಳೆಯುತ್ತದೆ, ಆರೋಪಿ ಬಾಯಿ ಬಿಡಲೇಬೇಕು ಅಂತ ಯಾರೂ ಒತ್ತಾಯ ಮಾಡುವಂತಿಲ್ಲ. ಗೆರೆ ತಪ್ಪು ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮ ಬೀದಿಯಲ್ಲಿ ಈ ಗೆರೆ ಇರಲಿಲ್ಲ ಅನ್ನೋದಂತೂ ನಿಜ.

ಇನ್ನು ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥ್ ಕಥೆ. ಕನ್ನಡದವರಿಗೆ ಇದು ಅರ್ಧಂಬರ್ಧ ಗೊತ್ತಿರುತ್ತದೆ. ಪೂರ್ತಿ ಹೇಳುವುದು ಒಳ್ಳೆಯದು, ಯಾಕೆಂದರೆ ಇದನ್ನು ಎಲ್ಲರೂ 'ದೊಡ್ಡ ಮನಸ್ಸು' ಅಂತ ಹೊಗಳುತ್ತಾರೆ, ನನಗೆ ಆ ಹೊಗಳಿಕೆಯೇ ಸರಿ ಅನ್ನಿಸುವುದಿಲ್ಲ.

1980ರ ಫೆಬ್ರವರಿ 15. ಬಾಂಬೆಯ ವಾಂಖೆಡೆ. ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕೆ ಅಂತ ಇಂಗ್ಲೆಂಡ್ ಎದುರು ಒಂದೇ ಒಂದು ಟೆಸ್ಟ್. ಗವಾಸ್ಕರ್ ನಾಯಕತ್ವ ಬಿಟ್ಟುಕೊಟ್ಟಿದ್ದರಿಂದ ವಿಶ್ವನಾಥ್ ನಾಯಕ. ಮೂರು ದಿನದ ಹಿಂದಷ್ಟೇ 31 ತುಂಬಿತ್ತು. ಪಂದ್ಯದ ಎರಡನೇ ದಿನ ಆಟವೇ ಇರಲಿಲ್ಲ. ಅವತ್ತು ಖಗ್ರಾಸ ಸೂರ್ಯಗ್ರಹಣ. ನಮ್ಮ ಅಂಕೋಲಾ, ಹುಬ್ಬಳ್ಳಿ, ರಾಯಚೂರು ಕಡೆ ಹಗಲಲ್ಲೇ ಕತ್ತಲಾದ ದಿನ ಅದು. ವಿಶ್ರಾಂತಿ ದಿನವನ್ನು ಅದಕ್ಕೇ ಹೊಂದಿಸಿಕೊಂಡಿದ್ದರು. ಟೆಸ್ಟ್ ಪಂದ್ಯವೊಂದು ಗ್ರಹಣ ಬಿಡಲಿ ಅಂತ ಕಾದು ಕೂತಿತ್ತು ಅನ್ನೋದು ನೆನೆಸಿಕೊಂಡರೆ ಈಗಲೂ ಮಜಾ ಅನ್ನಿಸುತ್ತದೆ.

ಭಾರತ 242ಕ್ಕೆ ಔಟ್. ಇಂಗ್ಲೆಂಡ್ 58 ರನ್‌ಗೆ 5 ವಿಕೆಟ್ ಕಳೆದುಕೊಂಡಿತು. ಪಂದ್ಯ ನಮ್ಮ ಕೈಯಲ್ಲೇ ಇತ್ತು. ಇಯಾನ್ ಬಾತಂ ಜೊತೆ ಕೀಪರ್ ಬಾಬ್ ಟೇಲರ್ ಆಡುತ್ತಿದ್ದರು. ಕಪಿಲ್ ದೇವ್ ಹಾಕಿದ ಒಂದು ಬಾಲ್ ನಮ್ಮ ಕೀಪರ್ ಕಿರ್ಮಾನಿ ಕೈ ಸೇರಿತು. ಮನವಿ ಆಯಿತು. ಅಂಪೈರ್ ಹನುಮಂತ ರಾವ್ ಬೆರಳೆತ್ತಿದರು. ಟೇಲರ್ ಹಿಂದೆಮುಂದೆ ನೋಡಿದರು, ತಾಗಿಲ್ಲ ಅನ್ನೋದು ಅವರ ಮುಖದಲ್ಲೇ ಇತ್ತು. ಮೊದಲ ಸ್ಲಿಪ್‌ನಲ್ಲಿ ನಿಂತಿದ್ದ ವಿಶ್ವನಾಥ್‌ಗೂ ಅದು ಗೊತ್ತಿತ್ತು. ಅವರು ಅಂಪೈರ್ ಹತ್ತಿರ ಹೋಗಿ ಮಾತಾಡಿ, ತೀರ್ಪು ವಾಪಸ್ ತೆಗೆಸಿ ಟೇಲರ್‌ನನ್ನು ಮತ್ತೆ ಆಡಿಸಿದರು.

ಆಮೇಲೆ ಆಗಿದ್ದು ಇದು. ಬಾತಂ, ಟೇಲರ್ ಸೇರಿ 171 ರನ್ ಕೂಡಿಸಿದರು. ಟೇಲರ್ 43, ಬಾತಂ 114. ಇಂಗ್ಲೆಂಡ್ 296. ಎರಡನೇ ಸಲ ಭಾರತ 149ಕ್ಕೆ ಮುಗಿಯಿತು. ಎರಡೂ ಇನ್ನಿಂಗ್ಸ್ ಸೇರಿ ಬಾತಂಗೆ 13 ವಿಕೆಟ್. ಟೇಲರ್ ಕೀಪರ್ ಆಗಿ 10 ಕ್ಯಾಚ್ ಹಿಡಿದರು. ಇಂಗ್ಲೆಂಡ್ 10 ವಿಕೆಟ್‌ಗಳಿಂದ ಗೆದ್ದಿತು. 91 ಟೆಸ್ಟ್ ಆಡಿದ ವಿಶ್ವನಾಥ್ ನಾಯಕರಾಗಿದ್ದು ಎರಡೇ ಟೆಸ್ಟ್‌ಗೆ. ಒಂದು ಡ್ರಾ, ಇನ್ನೊಂದು ಇದು.

ಕಟ್ಟೆಯ ಮೇಲೆ ಕೂತು ಮಾತಾಡುವವರು ಆವತ್ತಿನಿಂದ ಇವತ್ತಿನವರೆಗೆ ಒಂದು ಪ್ರಶ್ನೆ ಕೇಳುತ್ತಲೇ ಇದ್ದಾರೆ. ನಾಯಕ ಅಂದರೆ ಹನ್ನೊಂದು ಜನರ ಜವಾಬ್ದಾರಿ. ತನ್ನ ಒಳ್ಳೆಯತನಕ್ಕೆ ಹತ್ತು ಜನರ ಗೆಲುವನ್ನು ಕೊಡಲು ಅವರಿಗೆ ಹಕ್ಕಿತ್ತಾ? ಕೇಳಿದಾಗ ನ್ಯಾಯ ಅನ್ನಿಸುವ ಪ್ರಶ್ನೆ. ಆದರೆ ಪ್ರಶ್ನೆಯೊಳಗೇ ಒಂದು ಎಡವಟ್ಟಿದೆ. ವಿಶ್ವನಾಥ್ ಏನನ್ನೂ ದಾನ ಮಾಡಲಿಲ್ಲ. ಆ ವಿಕೆಟ್ ಭಾರತದ್ದಾಗಿರಲೇ ಇಲ್ಲ. ಅಂಗಡಿಯವನು ತಪ್ಪಿ ಐನೂರರ ನೋಟು ಜಾಸ್ತಿ ಕೊಟ್ಟಾಗ ವಾಪಸ್ ಕೊಟ್ಟರೆ ಅದು ದಾನ ಅಲ್ಲ, ಅಲ್ವಾ? ಮನೆಯವರ ಖರ್ಚಿಗೆ ಆಗುತ್ತಿತ್ತಲ್ಲ ಅಂತ ಹೆಂಡತಿ ಬೈದರೂ ಅದು ದಾನ ಆಗುವುದಿಲ್ಲ. ತಾಗಿಲ್ಲ ಅಂತ ಗೊತ್ತಿತ್ತು, ಅದನ್ನು ಹೇಳಿದರು. ಅಷ್ಟೇ. ಮನವಿಯನ್ನು ಹಿಂದಕ್ಕೆ ಪಡೆಯುವ ಅಧಿಕಾರ ನಾಯಕನಿಗೆ ನಿಯಮದಲ್ಲೇ ಇದೆ. ಅಂಪೈರ್ ಒಪ್ಪಬೇಕು, ಅದೂ ಮುಂದಿನ ಬಾಲ್‌ಗೆ ಮೊದಲು.

ದಾನ ಅಂದರೆ ಹೇಗಿರುತ್ತದೆ ಅಂತ ನೋಡಬೇಕಾದರೆ 2011ರ ಟ್ರೆಂಟ್ ಬ್ರಿಡ್ಜ್ ಟೆಸ್ಟ್ ನೋಡಬೇಕು. 137ರಲ್ಲಿದ್ದ ಇಂಗ್ಲೆಂಡಿನ ಇಯಾನ್ ಬೆಲ್, ಬಾಲ್ ಬೌಂಡರಿ ದಾಟಿತು, ಚಹಾ ವಿರಾಮ ಆಯಿತು ಅಂದುಕೊಂಡು ಕ್ರೀಸ್ ಬಿಟ್ಟು ಹೊರಟರು. ಬಾಲ್ ಬೌಂಡರಿ ಮುಟ್ಟಿರಲಿಲ್ಲ. ಭಾರತದವರು ಬೇಲ್ಸ್ ಹಾರಿಸಿದರು. ನಿಯಮದ ಪ್ರಕಾರ ಶುದ್ಧ ರನ್ ಔಟ್. ಚಹಾ ಮುಗಿಯುವಷ್ಟರಲ್ಲಿ ಧೋನಿ ಮನವಿ ವಾಪಸ್ ಪಡೆದರು, ಬೆಲ್ ಮತ್ತೆ ಬಂದು 159 ಮಾಡಿದರು, ಭಾರತ 319 ರನ್‌ಗಳಿಂದ ಸೋತಿತು. ಇಲ್ಲಿ ನಿಜ ಏನು ಅನ್ನುವುದರಲ್ಲಿ ಅನುಮಾನವೇ ಇರಲಿಲ್ಲ. ತಮ್ಮದೇ ಆಗಿದ್ದನ್ನು ಧೋನಿ ಬಿಟ್ಟುಕೊಟ್ಟರು. 1987ರ ವಿಶ್ವಕಪ್‌ನಲ್ಲಿ ಲಾಹೋರಿನಲ್ಲಿ ಕರ್ಟ್ನಿ ವಾಲ್ಶ್ ಮಾಡಿದ್ದೂ ಇದೇ. ಕೊನೆಯ ಬಾಲ್, ಕೊನೆಯ ಜೋಡಿ. ಬಾಲ್ ಹಾಕುವ ಮೊದಲೇ ಪಾಕಿಸ್ತಾನದ ಸಲೀಂ ಜಾಫರ್ ಕ್ರೀಸ್ ಬಿಟ್ಟಿದ್ದರು. ವಾಲ್ಶ್ ಬೇಲ್ಸ್ ತೆಗೆಯದೆ ನಿಂತುಬಿಟ್ಟರು. ವೆಸ್ಟ್ ಇಂಡೀಸ್ ಒಂದು ವಿಕೆಟ್‌ನಿಂದ ಸೋತಿತು, ಸೆಮಿಫೈನಲ್‌ಗೂ ಹೋಗಲಿಲ್ಲ.

ವಿಶ್ವನಾಥ್ ಮಾಡಿದ್ದು ಸತ್ಯದ ವಿಷಯ. ಧೋನಿ, ವಾಲ್ಶ್ ಮಾಡಿದ್ದು ಉದಾರತೆಯ ವಿಷಯ. ಎರಡನ್ನೂ ಕ್ರೀಡಾಸ್ಫೂರ್ತಿ ಅನ್ನೋ ಒಂದೇ ಚೀಲಕ್ಕೆ ತುಂಬಿದ್ದರಿಂದ ಬಂದ ಫಜೀತಿ ಜಾಸ್ತಿ. ಉದಾರತೆಯನ್ನು ಯಾರೂ ಯಾರ ಹತ್ತಿರವೂ ಹಕ್ಕಿನಿಂದ ಕೇಳಲು ಬರುವುದಿಲ್ಲ. ಸತ್ಯವನ್ನು ಕೇಳಬಹುದು.

ಇಷ್ಟು ಬಿಡಿಸಿಟ್ಟುಕೊಂಡರೆ ಭಾರತದ ಮಹಿಳಾ ತಂಡದ ಬೌಲರ್ ದೀಪ್ತಿ ಶರ್ಮಾ ವಿಷಯ ಸುಲಭ. 2022ರ ಸೆಪ್ಟೆಂಬರ್ 24, ಲಾರ್ಡ್ಸ್, ನಮ್ಮ ವೇಗದ ಬೌಲರ್ ಝೂಲನ್ ಗೋಸ್ವಾಮಿ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಇಂಗ್ಲೆಂಡಿಗೆ 17 ರನ್ ಬೇಕು, ಉಳಿದಿರುವುದು ಒಂದೇ ವಿಕೆಟ್. ಬೌಲರ್ ಕಡೆ ನಿಂತಿದ್ದ ಚಾರ್ಲಿ ಡೀನ್ ಬಾಲ್ ಕೈ ಬಿಡುವ ಮೊದಲೇ ಕ್ರೀಸ್ ಬಿಟ್ಟರು. ದೀಪ್ತಿ ಬೇಲ್ಸ್ ಹಾರಿಸಿದರು. ಪಂದ್ಯ ಮುಗಿಯಿತು. ಇಂಗ್ಲೆಂಡಿನಲ್ಲಿ ದೊಡ್ಡ ರಾದ್ಧಾಂತ. 1947ರಲ್ಲಿ ಸಿಡ್ನಿಯಲ್ಲಿ ಭಾರತದ ವಿನೂ ಮಂಕಡ್ ಆಸ್ಟ್ರೇಲಿಯಾದ ಬಿಲ್ ಬ್ರೌನ್‌ರನ್ನು ಹೀಗೇ ಔಟ್ ಮಾಡಿದ್ದರು, ಆಗಲೂ ರಾದ್ಧಾಂತ. ಮಂಕಡ್ ಹೆಸರನ್ನೇ ಬೈಗುಳದಂತೆ ದಶಕಗಟ್ಟಲೆ ಬಳಸಿದರು. ಎದುರು ತಂಡದ ನಾಯಕ ಬ್ರಾಡ್ಮನ್ ಮಾತ್ರ ಮಂಕಡ್ ಮಾಡಿದ್ದರಲ್ಲಿ ತಪ್ಪೇನಿದೆ ಅಂತ ಕೇಳಿದ್ದರು. ಇಲ್ಲಿ ಸುಳ್ಳಿಲ್ಲ, ಮುಚ್ಚುಮರೆ ಇಲ್ಲ. ಒಂದೆರಡು ಹೆಜ್ಜೆ ಪುಕ್ಕಟೆ ಪಡೆಯಲು ಹೊರಟವರು ಸಿಕ್ಕಿಬಿದ್ದರು. ಬೌಲರ್ ಉದಾರತೆ ತೋರಲಿಲ್ಲ ಅನ್ನಬಹುದು, ಮೋಸ ಮಾಡಿದರು ಅನ್ನಲು ಬರುವುದಿಲ್ಲ. ಎಂಸಿಸಿಗೂ ಕೊನೆಗೆ ಇದು ಹೊಳೆದಿರಬೇಕು. 2022ರ ಅಕ್ಟೋಬರ್ 1ರಿಂದ ಈ ಔಟನ್ನು 'ಅನ್ಯಾಯದ ಆಟ'ದ ನಿಯಮದಿಂದ ತೆಗೆದು 'ರನ್ ಔಟ್' ನಿಯಮಕ್ಕೆ ಹಾಕಿತು. ಲಾರ್ಡ್ಸ್ ಗಲಾಟೆಯಾಗಿ ಒಂದು ವಾರಕ್ಕೆ. ಬದಲಾವಣೆ ಅದಕ್ಕೂ ಮೊದಲೇ ತೀರ್ಮಾನ ಆಗಿತ್ತು ಅನ್ನಿ.

ಹಾಗಾದರೆ ಅಷ್ಟು ಕೋಪ ಎಲ್ಲಿಂದ ಬಂತು? ಪದ್ಧತಿಯಿಂದ. 19ನೇ ಶತಮಾನದ ಇಂಗ್ಲೆಂಡಿನ ಶ್ರೀಮಂತರ ಶಾಲೆಗಳಲ್ಲಿ ಪಾದ್ರಿಗಳೇ ಮೇಷ್ಟರು. ಮೈ ಗಟ್ಟಿಯಾದರೆ ಮನಸ್ಸೂ ಗಟ್ಟಿ, ಆಟ ಕಲಿತವನು ಒಳ್ಳೆಯ ಕ್ರೈಸ್ತನಾಗುತ್ತಾನೆ ಅನ್ನೋ ನಂಬಿಕೆ ಆಗ ಜೋರಾಗಿತ್ತು. 1882ರಲ್ಲಿ ಇಂಗ್ಲೆಂಡ್ ಪರ ಟೆಸ್ಟ್ ಆಡಿದ ಸಿ.ಟಿ. ಸ್ಟಡ್ ಬ್ಯಾಟ್ ಇಟ್ಟು ಮಿಷನರಿಯಾಗಿ ಚೀನಾಕ್ಕೆ ಹೋದರು, ಆಮೇಲೆ ನಮ್ಮ ಪಕ್ಕದ ಊಟಿಯ ಚರ್ಚಿನಲ್ಲೂ ಕೆಲವು ವರ್ಷ ಇದ್ದರು. ಕ್ರಿಕೆಟ್‌ಗೆ ಒಂದು ಧರ್ಮದ ಬಣ್ಣ ಹತ್ತಿದ್ದು ಹೀಗೆ. ಅದರಲ್ಲಿ ಒಳ್ಳೆಯದು ಇಲ್ಲವೆಂದಲ್ಲ. ಆದರೆ ಆ 'ಸಭ್ಯರ ಆಟ'ದಲ್ಲಿ ಸಂಬಳಕ್ಕೆ ಆಡುವವರಿಗೂ ಹವ್ಯಾಸಕ್ಕೆ ಆಡುವ ಸಿರಿವಂತರಿಗೂ ಬೇರೆ ಬೇರೆ ದರ್ಜೆ ಇತ್ತು. ಆ ಭೇದವನ್ನು ಅಧಿಕೃತವಾಗಿ ತೆಗೆದದ್ದು 1962ರ ಕೊನೆಗೆ.

ನಮ್ಮವರೇನೂ ಕಡಿಮೆ ಇರಲಿಲ್ಲ. ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ ಆ ಕಾಲದ ದೊಡ್ಡ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಜಾತಿಯಿಂದ ದಲಿತರು. ಪುಣೆಯಲ್ಲಿ ಹಿಂದೂ ತಂಡದವರು ಮೈದಾನದಲ್ಲಿ ಅವರ ಕೈಯಿಂದ ಬಂದ ಬಾಲನ್ನೇ ಮುಟ್ಟುತ್ತಿದ್ದರು. ಚಹಾ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ, ಬೇರೆ ಮಣ್ಣಿನ ಕುಡಿಕೆಯಲ್ಲಿ. ಆಟದ ನಿಯಮ ಯಾವುದೂ ಮುರಿಯಲಿಲ್ಲ. ಪದ್ಧತಿಯೂ ಮುರಿಯಲಿಲ್ಲ, ಪದ್ಧತಿ ಇದ್ದದ್ದೇ ಹಾಗೆ. ಪದ್ಧತಿಯನ್ನೇ ನೀತಿ ಅಂತ ಯಾರಾದರೂ ಹೇಳಿದಾಗ ನನಗೆ ಆ ಕುಡಿಕೆ ನೆನಪಾಗುತ್ತದೆ.

2023ರಲ್ಲಿ ಲಾರ್ಡ್ಸ್‌ನಲ್ಲಿ ಇನ್ನೊಂದು ಪ್ರಹಸನ ನಡೆಯಿತು. ಆ ಬಾಲ್‌ನ ಆಟ ಮುಗಿಯಿತು ಅಂದುಕೊಂಡು ಕ್ರೀಸ್ ಬಿಟ್ಟ ಇಂಗ್ಲೆಂಡಿನ ಜಾನಿ ಬೇರ್‌ಸ್ಟೋರನ್ನು ಆಸ್ಟ್ರೇಲಿಯಾ ಕೀಪರ್ ಅಲೆಕ್ಸ್ ಕೇರಿ ಸ್ಟಂಪ್ ಮಾಡಿದರು. ಎಂಸಿಸಿ ಕ್ಲಬ್ಬಿನ ಗೌರವಾನ್ವಿತ ಸದಸ್ಯರು ಪೆವಿಲಿಯನ್ನಿನ ಲಾಂಗ್ ರೂಮಿನಲ್ಲಿ ಆಸ್ಟ್ರೇಲಿಯಾದವರ ಮೇಲೆ ಎಗರಿ ಬಿದ್ದರು, ಮೂವರನ್ನು ಅಮಾನತು ಮಾಡಬೇಕಾಯಿತು. ಮೈದಾನದೊಳಗೆ ಕೇರಿಗೆ ನೀತಿ ಪಾಠ ಹೇಳುತ್ತಿದ್ದವರು ಯಾರು ಗೊತ್ತಾ? ಹತ್ತು ವರ್ಷದ ಹಿಂದೆ ಅಲ್ಲಾಡದೆ ನಿಂತಿದ್ದ ಅದೇ ಸ್ಟುವರ್ಟ್ ಬ್ರಾಡ್.

ಮೈದಾನದ ಹೊರಗಿನ ಆಣೆಗಳ ಕಥೆಯೂ ಇದೇ ದಾರಿಯಲ್ಲಿ ನಡೆದಿದೆ. ಬ್ರಿಟಿಷರ 1873ರ ಪ್ರಮಾಣ ಕಾಯ್ದೆಯಲ್ಲಿ ಒಂದು ವಿಚಿತ್ರ ಅವಕಾಶ ಇತ್ತು. "ಎದುರು ಪಾರ್ಟಿ ಇಂಥ ಆಣೆ ಮಾಡಿ ಹೇಳಿದರೆ ನಾನು ಒಪ್ಪುತ್ತೇನೆ" ಅಂತ ದಾವೆಯಲ್ಲಿ ಒಬ್ಬರು ಹೇಳಬಹುದಿತ್ತು. ಎದುರಿನವರು ಆ ಆಣೆ ಮಾಡಿ ಸಾಕ್ಷಿ ನುಡಿದರೆ ಹೇಳಿದವರ ಮಟ್ಟಿಗೆ ಅದೇ ಕೊನೆ. ಬೀದಿ ಕ್ರಿಕೆಟ್ಟಿನ ನಿಯಮವೇ, ಅಕ್ಷರಶಃ. 1969ರ ಹೊಸ ಕಾಯ್ದೆಯಲ್ಲಿ ಅದನ್ನು ಕೈಬಿಟ್ಟರು. ಈಗ ಸಾಕ್ಷಿ ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವೆಂದರೆ ದೇವರ ಹೆಸರಿಲ್ಲದೆ ಸತ್ಯನಿಷ್ಠೆಯಿಂದ ಹೇಳುತ್ತೇನೆ ಅನ್ನಬಹುದು. ಪ್ರಮಾಣ ಮಾಡಿಸುವುದು ಮರೆತುಹೋದರೂ ಸಾಕ್ಷ್ಯ ಬಿದ್ದುಹೋಗುವುದಿಲ್ಲ. ಸಾಕ್ಷಿ ಹೇಳುವ ಪ್ರತಿಯೊಬ್ಬರೂ ನಿಜ ಹೇಳಲೇಬೇಕು ಅಂತ ಕಾಯ್ದೆಯೇ ಹೇಳುತ್ತದೆ. ನಿಜ ಹೇಳುವ ಹೊರೆ ಆಣೆಯಿಂದ ಇಳಿದು ಮನುಷ್ಯನ ಹೆಗಲಿಗೆ ಬಂತು.

ಸಂವಿಧಾನದಲ್ಲೂ ಹಾಗೇ. ಶಾಸಕರು, ಮಂತ್ರಿಗಳು ಪ್ರಮಾಣವಚನಕ್ಕೆ ಎರಡರಲ್ಲಿ ಒಂದು ಮಾತು ಆರಿಸಿಕೊಳ್ಳಬಹುದು. ಸಂವಿಧಾನ ರಚಿಸಿದ ಸಭೆಯ ಸದಸ್ಯ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಸಂವಿಧಾನದ ಪೀಠಿಕೆಯೇ 'ದೇವರ ಹೆಸರಿನಲ್ಲಿ' ಅಂತ ಶುರುವಾಗಲಿ ಅಂತ 1949ರ ಅಕ್ಟೋಬರ್‌ನಲ್ಲಿ ಪಟ್ಟು ಹಿಡಿದರು. ಮತಕ್ಕೆ ಹಾಕಿದಾಗ 41 ಪರ, 68 ವಿರುದ್ಧ. ಬಿದ್ದುಹೋಯಿತು. ದೇವರನ್ನು ನಂಬುವವರೇ ಎಷ್ಟೋ ಜನ ಅದನ್ನು ವಿರೋಧಿಸಿದ್ದರು, ನಂಬಿಕೆಯನ್ನು ಯಾರ ಮೇಲೂ ಹೇರಬಾರದು ಅಂತ.

ಕಾಯ್ದೆ ಬಿಟ್ಟರೂ ಜನ ಬಿಡಬೇಕಲ್ಲ. 2011ರ ಜೂನ್‌ನಲ್ಲಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಮತ್ತು ಎಚ್.ಡಿ. ಕುಮಾರಸ್ವಾಮಿ ನಡುವಿನ ಆರೋಪದ ಜಗಳ ಧರ್ಮಸ್ಥಳದ ಮಂಜುನಾಥನ ಮುಂದೆ ಆಣೆ ಮಾಡುವ ಸವಾಲಿನವರೆಗೆ ಹೋಯಿತು. ಇಡೀ ರಾಜ್ಯ ಟಿವಿ ಮುಂದೆ ಕೂತಿತ್ತು. ಇಬ್ಬರೂ ಬಂದರು, ದರ್ಶನ ಮಾಡಿದರು. ಆಣೆ ಮಾತ್ರ ಆಗಲಿಲ್ಲ. ಅವತ್ತು ಎಷ್ಟೋ ಜನ ನಕ್ಕರು. ನನಗೆ ಮಾತ್ರ ಬೇರೆ ಅನ್ನಿಸಿತ್ತು. ಮೈಕಿನ ಮುಂದೆ ಏನು ಬೇಕಾದರೂ ಹೇಳುವ ಕಾಲದಲ್ಲಿ, ಒಂದು ಗರ್ಭಗುಡಿಯ ಮುಂದೆ ಮಾತಿಗೆ ಇನ್ನೂ ಅಷ್ಟು ತೂಕ ಉಳಿದಿದೆಯಲ್ಲ.

ಈಗ ಮೈದಾನದಲ್ಲಿ ಮಂಜುನಾಥನ ಜಾಗಕ್ಕೆ ಯಂತ್ರ ಬಂದಿದೆ. ಅಂಪೈರ್ ತೀರ್ಪನ್ನು ಟಿವಿಯಲ್ಲಿ ಮತ್ತೆ ನೋಡಿಸುವ ಡಿಆರ್‌ಎಸ್ ಅನ್ನು 2008ರಲ್ಲಿ ಭಾರತ ಮತ್ತು ಶ್ರೀಲಂಕಾ ಸರಣಿಯಲ್ಲಿ ಮೊದಲು ಪ್ರಯೋಗ ಮಾಡಿದರು. ಬ್ಯಾಟಿಗೆ ಬಾಲ್ ಸವರಿದರೂ ಸದ್ದಿನ ಗೆರೆ ಎದ್ದು ತೋರಿಸುತ್ತದೆ. ಇದರಿಂದ ಅನ್ಯಾಯ ಕಡಿಮೆಯಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಟೇಲರ್ ಇವತ್ತು ಆಡುತ್ತಿದ್ದರೆ ಕೈಯಲ್ಲಿ ಟಿ ಆಕಾರ ಮಾಡಿ ರಿವ್ಯೂ ಕೇಳುತ್ತಿದ್ದರು, ವಿಶ್ವನಾಥ್ ಸ್ಲಿಪ್‌ನಿಂದ ಕದಲಬೇಕಾಗಿಯೇ ಇರಲಿಲ್ಲ. ಅದೇ ತೊಡಕು. ತಾನಾಗಿಯೇ ನಡೆದ ಬ್ಯಾಟರ್ ಪ್ರಾಮಾಣಿಕನೋ, ಹೇಗೂ ಸಿಕ್ಕಿಬೀಳುತ್ತೇನೆ ಅಂತ ಲೆಕ್ಕ ಹಾಕಿದವನೋ ಅಂತ ಈಗ ಹೇಳಲು ಬರುವುದಿಲ್ಲ. ಬೆಂಗಳೂರಿನ ಸಿಗ್ನಲ್‌ಗಳಲ್ಲೂ ಇದೇ ಕಥೆ. ಕ್ಯಾಮೆರಾ ಇರುವ ಕಡೆ ಬಿಳಿ ಗೆರೆಯ ಹಿಂದೆ ಎಲ್ಲರೂ ಸಾಧುಗಳು. ಮುಂದಿನ ತಿರುವಿನಲ್ಲಿ ಕ್ಯಾಮೆರಾ ಇಲ್ಲ ಅನ್ನೋದು ಪ್ರತಿ ಆಟೋ ಚಾಲಕನಿಗೂ ಗೊತ್ತು, ನನಗೂ ಗೊತ್ತು.

ಮೊನ್ನೆ ಭಾನುವಾರ ನಮ್ಮ ಮನೆ ಎದುರು ಮಕ್ಕಳು ಆಡುತ್ತಿದ್ದರು. ಒಬ್ಬ ಹುಡುಗ ಅಮ್ಮನ ಫೋನನ್ನು ಸ್ಕೂಟರಿನ ಸೀಟಿನ ಮೇಲೆ ಒರಗಿಸಿ ವಿಡಿಯೋ ಹಾಕಿಟ್ಟಿದ್ದ. ಕ್ಯಾಚ್ ಬಂದಾಗಲೆಲ್ಲ ಎಲ್ಲರೂ ಓಡಿ ಬಂದು ತಲೆಗೆ ತಲೆ ಕೊಟ್ಟು ನಿಧಾನವಾಗಿ ಓಡಿಸಿ ನೋಡುತ್ತಿದ್ದರು. ಮೂರು ಸಲ ಚೆನ್ನಾಗಿ ನಡೆಯಿತು. ನಾಲ್ಕನೇ ಸಲ ಕ್ಯಾಚ್ ಆಗುವ ಹೊತ್ತಿಗೆ ಫೋನೇ ಇರಲಿಲ್ಲ. ಯಾರದೋ ಕರೆ ಬಂತು ಅಂತ ಅವರಮ್ಮ ಒಳಗೆ ತೆಗೆದುಕೊಂಡು ಹೋಗಿದ್ದರು. ಔಟ್, ಇಲ್ಲ, ಔಟ್, ಇಲ್ಲ. ಕೊನೆಗೆ ಬೌಲಿಂಗ್ ಮಾಡುತ್ತಿದ್ದ ಹುಡುಗಿ ಮುಂದೆ ಬಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು.

"ಸರಿ, ಅಮ್ಮನಾಣೆ ಹೇಳು."

ಹುಡುಗ ಬ್ಯಾಟಿನ ತುದಿಯಿಂದ ನೆಲ ಕೆರೆದ. ಅವರ ಮನೆಯ ಬಾಗಿಲ ಕಡೆ ಒಮ್ಮೆ ನೋಡಿದ.

"ಬೇಡ ಬಿಡು," ಅಂದ. "ರೀ-ಬಾಲ್ ಹಾಕು."

ಯಾರೂ ಏನೂ ಹೇಳಲಿಲ್ಲ. ಅವಳು ಬಾಲ್ ಎತ್ತಿಕೊಂಡು ಓಡಿ ಬರೋಕೆ ಹಿಂದಕ್ಕೆ ಹೋದಳು.